ಚುಚ್ಚಿದ್ದು ಒಂದು, ರಕ್ತದಲ್ಲಿ ಸಿಕ್ಕಿದ್ದು ಇನ್ನೊಂದು

(ಹಾಲು ಉತ್ಪಾದಕರು ಮತ್ತು ಪಶುವೈದ್ಯ ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಮನೆ ಹಸುವಿಗೆ ಕೆಚ್ಚಲು ಬಾವು ಬಂತು ಅಂತಿಟ್ಟುಕೊಳ್ಳಿ. ಡಾಕ್ಟ್ರು ಬಂದರು, ಬೇರೆ ಔಷಧಿ ಜೊತೆಗೆ ನೋವಿಗೆ ಅಂತ ಒಂದು ಇಂಜೆಕ್ಷನ್ ಕೊಟ್ಟು ಹೋದರು. ಸಂಜೆ ಹೊತ್ತಿಗೆ ಹಸು ಮೇವಿಗೆ ಬಾಯಿ ಹಾಕಿತು. ನಿಮಗೂ ಸಮಾಧಾನ ಆಯಿತು. ಸರಿ, ಆ ಇಂಜೆಕ್ಷನ್ ಈಗ ಎಲ್ಲಿದೆ? ರಾತ್ರಿ ಎಷ್ಟು ಉಳಿದಿರುತ್ತದೆ? ನಾಡಿದ್ದು? ಹಸು ಚೇತರಿಸಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಔಷಧಿ ಮೈಯಲ್ಲಿ ಏನು ಮಾಡುತ್ತಿದೆ ಅನ್ನುವುದು ಕಾಣುವುದಿಲ್ಲ. ಅದನ್ನು ತಿಳಿಯಬೇಕಾದರೆ ರಕ್ತ ತೆಗೆದು ಅಳೆಯಬೇಕು.

ನಾನು ಮಾಡುವ ಕೆಲಸ ಅದೇ. ದನದ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡುವುದು. ಕೇಳಲಿಕ್ಕೆ ಸಣ್ಣ ಕೆಲಸ ಅನಿಸಬಹುದು. ಆದರೆ ಈ ಅಳತೆಯನ್ನು ಮೊದಲೇ ಮಾಡದೆ ಹೋದದ್ದಕ್ಕೆ ನಮ್ಮ ದೇಶ ಕೋಟಿಗಟ್ಟಲೆ ರಣಹದ್ದುಗಳನ್ನು ಕಳೆದುಕೊಂಡಿತು. ಇವತ್ತು ಆ ಕಥೆಯನ್ನೇ ಹೇಳುತ್ತೇನೆ. ಯಾಕೆಂದರೆ ಲ್ಯಾಬಿನ ಕೆಲಸ ಯಾಕೆ ಬೇಕು ಅಂತ ನನಗೆ ಮನವರಿಕೆ ಆದದ್ದು ಅದರಿಂದಲೇ.

ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಊರಾಚೆ ದನದ ಹೆಣ ಹಾಕಿದರೆ ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಚುಕ್ಕಿ ಚುಕ್ಕಿಯಾಗಿ ಹದ್ದುಗಳು ಸುತ್ತುತ್ತಿದ್ದವು. ನೋಡನೋಡುತ್ತಾ ಮೂಳೆ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ನಾಯಿಗಳಿಗೆ, ಹುಳುಗಳಿಗೆ ಪಾಲು ಸಿಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಅವು ಬರುವುದು ಕಡಿಮೆ ಆಯಿತು, ಕೊನೆಗೆ ನಿಂತೇ ಹೋಯಿತು. ರಾಜಸ್ಥಾನದ ಭರತಪುರದಲ್ಲಿ ವಿಭು ಪ್ರಕಾಶ್ ಅನ್ನುವ ವಿಜ್ಞಾನಿ ಗೂಡುಗಳನ್ನು ಎಣಿಸುತ್ತಿದ್ದರು. 1980ರ ದಶಕದ ಕೊನೆಗೆ ಅಲ್ಲಿ ಮುನ್ನೂರಕ್ಕೂ ಜಾಸ್ತಿ ಗೂಡುಗಳಿದ್ದವು. ಹತ್ತೇ ವರ್ಷದಲ್ಲಿ ಬಹುತೇಕ ಖಾಲಿ. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದು ದೇಶದಲ್ಲಿ ಶೇಕಡಾ 99.9ರಷ್ಟು ಕಡಿಮೆ ಆಯಿತು. ಅಂದರೆ ಸಾವಿರ ಇದ್ದ ಕಡೆ ಒಂದು.

ಎಲ್ಲರೂ ಮೊದಲು ಯಾವುದೋ ರೋಗ ಅಂದುಕೊಂಡರು. ವೈರಸ್ ಹುಡುಕಿದರು. ಕೀಟನಾಶಕ ಹುಡುಕಿದರು, ಸೀಸ ಹುಡುಕಿದರು. ಯಾವುದೂ ಸರಿಹೊಂದಲಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಸತ್ತ ಹದ್ದುಗಳನ್ನು ಕೊಯ್ದು ನೋಡುತ್ತಿತ್ತು. ಬಹಳಷ್ಟು ಹಕ್ಕಿಗಳ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಇರುತ್ತಿತ್ತು. ಅದು ಯೂರಿಕ್ ಆಮ್ಲ. ಹಕ್ಕಿಗಳ ಮೂತ್ರದಲ್ಲಿ ಬಿಳಿಯಾಗಿ ಹೋಗುತ್ತದಲ್ವಾ, ಅದೇ ವಸ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿದರೆ ಅದು ಹೊರಗೆ ಹೋಗದೆ ಒಳಗೇ ಕೂರುತ್ತದೆ. ಹಾಗಾದರೆ ಮೂತ್ರಪಿಂಡವನ್ನು ಕೆಡಿಸುವಂಥದ್ದು ಏನನ್ನು ಈ ಹಕ್ಕಿ ತಿನ್ನುತ್ತಿದೆ? ಇದು ತಿನ್ನುವುದು ಸತ್ತ ದನವನ್ನು. ಆ ದನಕ್ಕೆ ನಾವು ಏನು ಕೊಟ್ಟಿರುತ್ತೇವೆ?

ಆ ಪ್ರಶ್ನೆ ಹಿಡಿದುಕೊಂಡು ಅವರು ದನದ ಡಾಕ್ಟರುಗಳ ಹತ್ತಿರ, ಔಷಧಿ ಅಂಗಡಿಗಳ ಹತ್ತಿರ ಹೋದರು. ಎಲ್ಲ ಕಡೆ ಸಿಕ್ಕ ಹೆಸರು ಡೈಕ್ಲೋಫಿನ್ಯಾಕ್. ನಾವು ಮಂಡಿನೋವಿಗೆ, ಬೆನ್ನುನೋವಿಗೆ ನುಂಗುವ ಅದೇ ಔಷಧಿ. ಸರಿ, ಹದ್ದುಗಳ ಮೂತ್ರಪಿಂಡದಲ್ಲಿ ಅದು ಇದೆಯಾ ಅಂತ ಅಳೆದರು. ಒಳಗೆ ಬಿಳಿ ಪುಡಿ ಕೂತು ಸತ್ತಿದ್ದ 25 ಹಕ್ಕಿಗಳಲ್ಲಿ 25ರಲ್ಲೂ ಇತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13 ಹಕ್ಕಿಗಳಲ್ಲಿ ಒಂದರಲ್ಲೂ ಇರಲಿಲ್ಲ.

ಇಪ್ಪತ್ತೈದಕ್ಕೆ ಇಪ್ಪತ್ತೈದು, ಹದಿಮೂರಕ್ಕೆ ಸೊನ್ನೆ. ನಮ್ಮ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದು ತುಂಬಾ ಅಪರೂಪ. 2004ರಲ್ಲಿ ಇದು ಪ್ರಕಟವಾಯಿತು. ಈಗಲೂ ಆ ಲೆಕ್ಕ ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಹಸುವಿನ ಕಡೆಗೆ ಬರೋಣ. ಹದ್ದಿನ ಹೊಟ್ಟೆಗೆ ಹೋದ ಔಷಧಿ ಹಸುವಿನ ಮೈಯಿಂದಲೇ ಹೋಗಬೇಕು. ಹಸುವಿನ ಮೈಯಲ್ಲಿ ಅದು ಎಷ್ಟು ಹೊತ್ತು ಇರುತ್ತದೆ? ಇದನ್ನು ಹೇಗೆ ಅಳೆಯುತ್ತೇವೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಡೇರಿಯಲ್ಲಿ ಫ್ಯಾಟ್ ಯಂತ್ರ ಸರಿ ಇದೆಯಾ ಅಂತ ನೀವು ಕೇಳುತ್ತೀರಲ್ವಾ, ಹಾಗೆ ನಮ್ಮ ಯಂತ್ರವನ್ನೂ ಕೇಳಬೇಕು.

ಇಂಜೆಕ್ಷನ್ ಕೊಡುವ ಮೊದಲೇ ಒಂದು ಸಲ ರಕ್ತ ತೆಗೆಯುತ್ತೇವೆ. ಅದಕ್ಕೆ ನಾವು ಸೊನ್ನೆ ಸ್ಯಾಂಪಲ್ ಅನ್ನುತ್ತೇವೆ. ಆಮೇಲೆ ಔಷಧಿ ಕೊಟ್ಟು ಹದಿನೈದು ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು, ಎರಡು, ನಾಲ್ಕು, ಎಂಟು, ಹನ್ನೆರಡು ಗಂಟೆಗೆ, ಮತ್ತೆ ಒಂದು, ಎರಡು, ಮೂರು ದಿನಕ್ಕೆ. ಹಸುವಿನ ತಲೆಯನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ಹಿಡಿಯಬೇಕು. ಕೊರಳ ಪಕ್ಕದಲ್ಲಿ ಉದ್ದಕ್ಕೆ ಒಂದು ತಗ್ಗು ಇರುತ್ತದೆ. ಅದರ ಕೆಳಭಾಗದಲ್ಲಿ ಹೆಬ್ಬೆರಳು ಒತ್ತಿದರೆ ಎರಡು ಮೂರು ಕ್ಷಣಕ್ಕೆ ರಕ್ತನಾಳ ಹಗ್ಗದ ಹಾಗೆ ಉಬ್ಬುತ್ತದೆ. ಸೂಜಿ ಹಾಕಿ ಐದು ಮಿ.ಲೀ. ತೆಗೆದರೆ ಸಾಕು. ಅದನ್ನು ಹಸಿರು ಮುಚ್ಚಳದ ಟ್ಯೂಬಿಗೆ ಬಿಡುತ್ತೇವೆ. ಒಳಗೆ ಹೆಪಾರಿನ್ ಇರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ. ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುವಬೇಕು, ಕುಲುಕಬಾರದು. ಕುಲುಕಿದರೆ ರಕ್ತಕಣ ಒಡೆಯುತ್ತವೆ.

ಲ್ಯಾಬಿಗೆ ಬಂದ ಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸುತ್ತೇವೆ. ಕೆಂಪು ಕಣಗಳೆಲ್ಲ ತಳಕ್ಕೆ ಕೂತು, ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ಒಳ್ಳೆ ಸ್ಯಾಂಪಲ್ ಆದರೆ ಕಾಯಿಸಿದ ತುಪ್ಪದ ಹಾಗೆ ತಿಳಿಯಾಗಿ ಹೊಳೆಯುತ್ತದೆ. ಗುಲಾಬಿ ಬಣ್ಣ ಬಂದಿದ್ದರೆ ಯಾರೋ ಕುಲುಕಿದ್ದಾರೆ ಅಂತ ಅರ್ಥ.

ಪ್ಲಾಸ್ಮಾದ ತುಂಬ ಪ್ರೋಟೀನು. ಅದನ್ನು ಹಾಗೇ ಯಂತ್ರಕ್ಕೆ ಹಾಕುವಂತಿಲ್ಲ, ಕೊಳವೆ ಕಟ್ಟಿಕೊಳ್ಳುತ್ತದೆ. ಅಸಿಟೋನೈಟ್ರೈಲ್ ಅನ್ನುವ ದ್ರಾವಕ ಹಾಕಿದರೆ, ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ, ಪ್ರೋಟೀನು ಒಡೆದು ಬಿಳಿಯಾಗಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಔಷಧಿ ಉಳಿಯುತ್ತದೆ. ಆ ತಿಳಿ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹೋಗುತ್ತದೆ.

ಆ ಯಂತ್ರದ ಜೀವ ಇರುವುದು ಒಂದು ಸ್ಟೀಲ್ ಕೊಳವೆಯಲ್ಲಿ. ಗೇಣುದ್ದ ಇರುತ್ತದೆ, ಪೆನ್ಸಿಲ್ ದಪ್ಪ. ಒಳಗೆ ತೀರಾ ಸಣ್ಣ ಕಣಗಳನ್ನು ಒತ್ತಿ ತುಂಬಿರುತ್ತಾರೆ. ಸಂತೆ ಬೀದಿ ನೆನಪಿಸಿಕೊಳ್ಳಿ. ಏನೂ ಕೊಳ್ಳುವುದಿಲ್ಲದವರು ಬೀದಿಯ ಈ ತುದಿಯಿಂದ ಆ ತುದಿಗೆ ಸರ್ರನೆ ದಾಟಿಬಿಡುತ್ತಾರೆ. ಪ್ರತಿ ಅಂಗಡಿಯಲ್ಲೂ ನಿಂತು ಕೈಯಾಡಿಸುವವರು ಕೊನೆಗೆ ಬರುತ್ತಾರೆ. ಔಷಧಿಗಳೂ ಹಾಗೇ. ಒಂದೊಂದಕ್ಕೆ ಆ ಕಣಗಳ ಮೇಲೆ ಒಂದೊಂದು ಥರ ಸೆಳೆತ. ಹಾಗಾಗಿ ಒಟ್ಟಿಗೆ ಒಳಗೆ ಹೋದವು ಬೇರೆ ಬೇರೆ ನಿಮಿಷಕ್ಕೆ ಹೊರಗೆ ಬರುತ್ತವೆ. ಬಂದ ಹಾಗೆ ಕಂಪ್ಯೂಟರ್ ಪರದೆ ಮೇಲೆ ಒಂದು ಗುಡ್ಡ ಏಳುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಪೀಕ್ ಅನ್ನುತ್ತಾರೆ. ಎಷ್ಟನೇ ನಿಮಿಷಕ್ಕೆ ಬಂತು ಅನ್ನುವುದು ಅದು ಯಾರು ಅಂತ ಹೇಳುತ್ತದೆ. ಗುಡ್ಡ ಎಷ್ಟು ದೊಡ್ಡದು ಅನ್ನುವುದು ಎಷ್ಟಿದೆ ಅಂತ ಹೇಳುತ್ತದೆ.

ಆದರೆ ಗುಡ್ಡ ಸುಮ್ನೆ ಗುಡ್ಡ ಅಷ್ಟೇ, ಪಕ್ಕದಲ್ಲಿ ಅಳತೆ ಕಲ್ಲು ಇಲ್ಲದಿದ್ದರೆ. ಅದಕ್ಕೇ ಔಷಧಿ ಕೊಡದ ಹಸುವಿನ ಪ್ಲಾಸ್ಮಾ ತೆಗೆದುಕೊಂಡು, ನಾವೇ ಗೊತ್ತಿರುವಷ್ಟು ಔಷಧಿ ಸೇರಿಸಿ, ಅದನ್ನು ಮೊದಲು ಓಡಿಸುತ್ತೇವೆ. ಇಷ್ಟಕ್ಕೆ ಇಷ್ಟು ದೊಡ್ಡ ಗುಡ್ಡ ಅಂತ ಒಂದು ಗೆರೆ ಸಿಗುತ್ತದೆ. ಆ ಗೆರೆ ನೆಟ್ಟಗೆ ಬರುವವರೆಗೆ ನಿಮ್ಮ ಹಸುವಿನ ಸ್ಯಾಂಪಲನ್ನು ಮುಟ್ಟುವುದಿಲ್ಲ. ಇನ್ನೂ ಖಚಿತ ಬೇಕಾದರೆ ಕೊಳವೆಯ ತುದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತೇವೆ. ಅದು ಅಣುವಿನ ತೂಕವನ್ನೇ ನೋಡುತ್ತದೆ. ಡೈಕ್ಲೋಫಿನ್ಯಾಕ್ ತೂಕ 296. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಒಂದು ಮಿ.ಲೀ.ಗೆ ಒಂದು ನ್ಯಾನೋಗ್ರಾಂ ಅಂದರೆ ತಲೆಗೆ ಹತ್ತುವುದಿಲ್ಲ. ಹೀಗೆ ಯೋಚಿಸಿ: ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್ ನೂರು ನಿಲ್ಲಿಸಿ. ಒಂದು ಗ್ರಾಂ ಸಕ್ಕರೆಯನ್ನು ಆ ನೂರು ಟ್ಯಾಂಕರಿಗೂ ಸಮನಾಗಿ ಕರಗಿಸಿ. ಅಷ್ಟು ಸಿಹಿ. ಒಳ್ಳೆ ಯಂತ್ರ ಅದನ್ನು ಹಿಡಿಯುತ್ತದೆ.

ನಮ್ಮ ದೇಶದ ದನಗಳಿಗೇ ಡೈಕ್ಲೋಫಿನ್ಯಾಕ್ ಕೊಟ್ಟು ಹೀಗೆ ಅಳೆದಿದ್ದಾರೆ. ಹಸುವಿನ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ ಬೇಕು. ಆಡಿನಲ್ಲಿ ಸುಮಾರು 6 ಗಂಟೆ. ಅಂದರೆ ಹಸುವಿನಲ್ಲಿ ಒಂದು ದಿನಕ್ಕೆ ಕಾಲು ಭಾಗ, ಎರಡು ದಿನಕ್ಕೆ ಹದಿನಾರರಲ್ಲಿ ಒಂದು, ಮೂರು ದಿನಕ್ಕೆ ಅರವತ್ನಾಲ್ಕರಲ್ಲಿ ಒಂದು. ಹಾಗಿದ್ದರೆ ಮೂರು ನಾಲ್ಕು ದಿನಕ್ಕೆಲ್ಲ ಹೋಯಿತಲ್ಲ, ಹದ್ದು ಸಾಯುವುದು ಹೇಗೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ.

ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇದೆ. ನೋವಿನ ಔಷಧಿ ನಾವು ಯಾವಾಗ ಕೊಡುತ್ತೇವೆ? ಹಸು ಹುಷಾರಿಲ್ಲದಾಗ. ಎದ್ದು ನಿಲ್ಲಲಾರದೆ ಮಲಗಿದೆ, ಮೇವು ಬಿಟ್ಟಿದೆ, ಇನ್ನೇನು ಮಾಡಲಿ ಅಂತ ಕೊನೆಗೆ ಒಂದು ಇಂಜೆಕ್ಷನ್ ಹಾಕಿಸುತ್ತೇವೆ. ಬದುಕಿದ ಹಸುವಿನ ಮೈಯಿಂದ ಔಷಧಿ ಇಳಿದು ಹೋಗುತ್ತದೆ. ಅದು ಹದ್ದಿನ ಪಾಲಿಗೆ ಹೋಗುವುದೇ ಇಲ್ಲ. ಬದುಕದ ಹಸು ಮಾತ್ರ ಆ ರಾತ್ರಿಯೋ ಮಾರನೇ ದಿನವೋ ಸಾಯುತ್ತದೆ, ಮೈತುಂಬ ಔಷಧಿ ಇಟ್ಟುಕೊಂಡು. ಊರಾಚೆ ಹೋಗುವುದು ಅದೇ. ಇದರಲ್ಲಿ ರೈತರದು ಏನೂ ತಪ್ಪಿಲ್ಲ. ಹಸುವಿನ ನೋವು ನೋಡಲಾರದೆ ಮಾಡಿದ ಕೆಲಸ ಅದು.

ಲೆಕ್ಕ ನೋಡಿ. ಮುನ್ನೂರು ಕೆ.ಜಿ. ತೂಕದ ಹಸುವಿಗೆ, ಕೆ.ಜಿ.ಗೆ ಒಂದು ಮಿ.ಗ್ರಾಂ ಅಂದರೂ, 300 ಮಿ.ಗ್ರಾಂ ಕೊಡುತ್ತೇವೆ. ಐದು ಕೆ.ಜಿ. ತೂಕದ ಬಿಳಿ ಬೆನ್ನಿನ ಹದ್ದು ಸಾಯಲಿಕ್ಕೆ ಅರ್ಧದಿಂದ ಒಂದು ಮಿ.ಗ್ರಾಂ ಸಾಕು. ಅದೂ ಒಂದು ಹೆಣಕ್ಕೆ ಒಂದು ಹದ್ದಲ್ಲ, ಹಿಂಡು ಹಿಂಡೇ ಇಳಿಯುತ್ತದೆ. ನೂರು ಹೆಣದಲ್ಲಿ ಒಂದರಲ್ಲಿ ವಿಷ ಇದ್ದರೂ ಸಂತತಿ ಉಳಿಯುವುದಿಲ್ಲ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2004-05ರಲ್ಲಿ ದೇಶದ ಬೇರೆ ಬೇರೆ ಕಡೆ 1,848 ಹೆಣಗಳ ಯಕೃತ್ತು ತೆಗೆದು ಅಳೆದಾಗ ಸಿಕ್ಕಿದ್ದು ನೂರಕ್ಕೆ ಹತ್ತು.

2006ರಲ್ಲಿ ದನಗಳಿಗೆ ಡೈಕ್ಲೋಫಿನ್ಯಾಕ್ ತಯಾರಿಸುವುದನ್ನು ಸರ್ಕಾರ ನಿಲ್ಲಿಸಿತು. ಬದಲಿಗೆ ಮೆಲಾಕ್ಸಿಕ್ಯಾಂ ಅನ್ನುವ ನೋವಿನ ಔಷಧಿ ಇತ್ತು. ಅದನ್ನು ಹದ್ದುಗಳಿಗೇ ಕೊಟ್ಟು, ರಕ್ತ ತೆಗೆದು ನೋಡಿ, ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಂಡಿದ್ದರು. ಮನುಷ್ಯರಿಗೆ ಬರುತ್ತಿದ್ದ ದೊಡ್ಡ ಬಾಟಲಿಯನ್ನೇ ಕೆಲವರು ದನಕ್ಕೆ ಬಳಸತೊಡಗಿದ್ದರಿಂದ 2015ರಲ್ಲಿ ಮನುಷ್ಯರ ಇಂಜೆಕ್ಷನನ್ನೂ 3 ಮಿ.ಲೀ. ಬಾಟಲಿಗೆ ಮಿತಿಗೊಳಿಸಿದರು.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿರುವ ವಿಷಯ ಇಲ್ಲಿಂದ ಶುರು.

ಡೈಕ್ಲೋಫಿನ್ಯಾಕ್ ಹೋದ ಜಾಗಕ್ಕೆ ಬೇರೆ ನೋವಿನ ಔಷಧಿಗಳು ಬಂದವು. ಅದರಲ್ಲಿ ಒಂದು ಅಸೆಕ್ಲೋಫಿನ್ಯಾಕ್. ಹೆಸರು ಬೇರೆ, ಬಾಟಲಿ ಬೇರೆ. ಆಗ ಯಾವ ನಿಷೇಧದಲ್ಲೂ ಇರಲಿಲ್ಲ. ಅದರ ಅಣು ತೂಕ 354. ಮೊದಲೇ ಹೇಳಿದ 296 ನೆನಪಿದೆ ಅಲ್ವಾ? ಅಸೆಕ್ಲೋಫಿನ್ಯಾಕ್ ಅಂದರೆ ಡೈಕ್ಲೋಫಿನ್ಯಾಕಿಗೆ ಒಂದು ಸಣ್ಣ ಬಾಲ ಅಂಟಿಸಿದ ಹಾಗೆ. ಬಾಲದ ತೂಕ 58. ಮೈಯಲ್ಲಿರುವ ಕಿಣ್ವಗಳು ಅಂಥ ಬಾಲಗಳನ್ನು ಕತ್ತರಿಸುವುದರಲ್ಲಿ ನಿಪುಣ. ಹಸುವಿನ ಮೈಯಲ್ಲಿ ಕತ್ತರಿಸುತ್ತವಾ ಇಲ್ಲವಾ? ಬಾಟಲಿ ನೋಡಿದರೆ ಗೊತ್ತಾಗುವುದಿಲ್ಲ. ಹಸು ನೋಡಿದರೂ ಗೊತ್ತಾಗುವುದಿಲ್ಲ, ಎರಡರಲ್ಲೂ ನೋವು ಕಡಿಮೆ ಆಗುತ್ತದೆ.

ಕೊನೆಗೆ ಹಸುಗಳಿಗೆ ಅಸೆಕ್ಲೋಫಿನ್ಯಾಕ್ ಕೊಟ್ಟು, ನಾನು ಹೇಳಿದ ಹಾಗೇ ಗಂಟೆ ಗಂಟೆಗೆ ರಕ್ತ ತೆಗೆದು ಅಳೆದರು. 2016ರಲ್ಲಿ ಅದರ ಫಲಿತಾಂಶ ಬಂತು. ಕೊಟ್ಟ ಔಷಧಿ ಹೆಚ್ಚುಕಡಿಮೆ ಪೂರ್ತಿ, ಅದೂ ಬಹಳ ಬೇಗ, ಡೈಕ್ಲೋಫಿನ್ಯಾಕ್ ಆಗಿ ಬದಲಾಗಿತ್ತು. ಮುಂದೆ ಎಮ್ಮೆಗಳಲ್ಲೂ ಅದೇ ಕಂಡಿತು. ಮುಂಬಾಗಿಲಿನಿಂದ ಹೊರಗೆ ಹಾಕಿದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಥ ಫಲಿತಾಂಶ ಬಂದಾಗ ಮೊದಲು ಬರಬೇಕಾದ ಅನುಮಾನ ಏನು ಗೊತ್ತಾ? ಬಾಲ ಕತ್ತರಿಸಿದ್ದು ಹಸುವಿನ ಮೈಯಲ್ಲೋ, ನಮ್ಮ ಟ್ಯೂಬಿನಲ್ಲೋ? ರಕ್ತ ಹೊರಗೆ ಬಂದ ಮೇಲೂ ಅದರಲ್ಲಿರುವ ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ. ಸ್ಯಾಂಪಲ್ ಬೆಚ್ಚಗೆ ಬಿದ್ದಿದ್ದರೆ ಅಲ್ಲೇ ಬದಲಾಗಬಹುದು. ಅದನ್ನು ಪರೀಕ್ಷೆ ಮಾಡುವ ದಾರಿ ಇದೆ. ಔಷಧಿ ಕೊಡದ ಹಸುವಿನ ರಕ್ತಕ್ಕೆ ಟ್ಯೂಬಿನಲ್ಲೇ ಅಸೆಕ್ಲೋಫಿನ್ಯಾಕ್ ಸೇರಿಸಿ, ಅಷ್ಟೇ ಹೊತ್ತು, ಅದೇ ತಂಪಿನಲ್ಲಿ ಇಟ್ಟು ಅಳೆಯಬೇಕು. ಅಲ್ಲಿ 354 ಹಾಗೇ ಉಳಿದು, ಔಷಧಿ ಚುಚ್ಚಿದ ಹಸುವಿನ ರಕ್ತದಲ್ಲಿ ಮಾತ್ರ 296 ಎದ್ದರೆ ಆಗ ಧೈರ್ಯವಾಗಿ ಹೇಳಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ, ಬೇರೊಂದು ಔಷಧಿಯ ಅಧ್ಯಯನಕ್ಕೆ ಆರು ಹಸುಗಳಿಂದ ಎರಡು ದಿನ ರಕ್ತ ತೆಗೆದಿದ್ದೆವು. ತರುವಾಗ ದಾರಿಯಲ್ಲಿ ಗಾಡಿ ಕೆಟ್ಟಿತು. ಏಪ್ರಿಲ್ ಬಿಸಿಲು. ಐಸ್ ಪೆಟ್ಟಿಗೆ ಗಾಡಿಯಲ್ಲೇ ಉಳಿಯಿತು. ನಾನು ಮೆಕ್ಯಾನಿಕ್ ಹುಡುಕಿಕೊಂಡು ಹೋಗಿ ವಾಪಸ್ ಬಂದಾಗ ಐಸೆಲ್ಲ ನೀರಾಗಿತ್ತು, ಟ್ಯೂಬುಗಳು ತೇಲುತ್ತಿದ್ದವು. ಅಳೆದಿದ್ದರೆ ಸಂಖ್ಯೆಗಳು ಬರುತ್ತಿದ್ದವು. ಆದರೆ ಅವು ಹಸುವಿನ ಸಂಖ್ಯೆಗಳಾಗಿರುತ್ತಿರಲಿಲ್ಲ. ಎಲ್ಲವನ್ನೂ ಎಸೆದೆವು. ಆ ಹಸುಗಳಿಗೆ ಅಷ್ಟು ಸಲ ಸೂಜಿ ಚುಚ್ಚಿದ್ದು ವ್ಯರ್ಥ ಆಯಿತಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತದೆ. ಅವತ್ತಿನಿಂದ ಪೆಟ್ಟಿಗೆ ನನ್ನ ಕೈ ಬಿಟ್ಟು ಹೋಗುವುದಿಲ್ಲ.

ಅಸೆಕ್ಲೋಫಿನ್ಯಾಕ್ ಮತ್ತು ಕೀಟೊಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಔಷಧಿ, ಎರಡನ್ನೂ ದನಗಳಿಗೆ ಬಳಸುವುದನ್ನು ಸರ್ಕಾರ 2023ರ ಜುಲೈನಲ್ಲಿ ನಿಷೇಧಿಸಿತು. ರಕ್ತ ಸತ್ಯ ಹೇಳಿದ್ದು 2016ರಲ್ಲಿ. ನಡುವೆ ಏಳು ವರ್ಷ. ನನಗೆ ನೋವಾಗುವುದು ಇಲ್ಲೇ. ಹತ್ತಾರು ಹಸು, ಒಂದು ಯಂತ್ರ, ಕೆಲವು ವಾರಗಳ ಕೆಲಸ, ಇಷ್ಟನ್ನು ಔಷಧಿ ಅಂಗಡಿಗೆ ಬರುವ ಮೊದಲೇ ಮಾಡಿಸಬಹುದಿತ್ತು. ಹೊಸ ನೋವಿನ ಔಷಧಿ ದನಕ್ಕೆ ಬರುವಾಗ ಹಸುವಿನ ರಕ್ತದಲ್ಲಿ ಅದು ಏನಾಗುತ್ತದೆ, ಆ ಹಸುವನ್ನು ತಿನ್ನುವ ಹಕ್ಕಿಗೆ ಏನಾಗುತ್ತದೆ ಅಂತ ಮೊದಲು ತೋರಿಸಿ, ಆಮೇಲೆ ಮಾರಿ ಅನ್ನುವ ನಿಯಮ ಬೇಕು. ಮಾರಿದ ಮೇಲೆ ಹಕ್ಕಿ ಸತ್ತು, ಆಮೇಲೆ ಅಳೆಯುವುದು ಯಾವ ನ್ಯಾಯ?

ಇದು ಎಲ್ಲೋ ದೂರದ ಮಾತಲ್ಲ. ರಾಮನಗರದ ರಾಮದೇವರ ಬೆಟ್ಟ ನಿಮಗೆಲ್ಲ ಗೊತ್ತು. 2012ರಲ್ಲಿ ಅದನ್ನು ರಣಹದ್ದು ಅಭಯಾರಣ್ಯ ಅಂತ ಘೋಷಿಸಿದರು. ಅಲ್ಲಿನ ಬಂಡೆ ಸಂದಿಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಬೆರಳೆಣಿಕೆಯಷ್ಟು ಉಳಿದಿವೆ. ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಸುತ್ತಲಿನ ಊರುಗಳ ಕೊಟ್ಟಿಗೆಯಲ್ಲಿ ಯಾವ ಬಾಟಲಿ ಬಳಸುತ್ತಾರೆ ಅನ್ನುವುದರ ಮೇಲೆ ಅವುಗಳ ಜೀವ ನಿಂತಿದೆ. ಬೆಟ್ಟಕ್ಕೆ ಬೇಲಿ ಹಾಕಬಹುದು, ಹದ್ದಿನ ಹಾರಾಟಕ್ಕೆ ಬೇಲಿ ಇಲ್ಲ.

ಮಾತು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಎದ್ದು ನಿಂತರು. "ಹದ್ದಿನ ಮಾತು ಸರಿ ಸ್ವಾಮಿ. ಇಂಜೆಕ್ಷನ್ ಕೊಟ್ಟ ಹಸುವಿನ ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು? ಅದನ್ನ ಹೇಳಿ" ಅಂದರು. ಅವರು ಕೇಳಿದ್ದಕ್ಕೆ ನನಗೆ ತುಂಬಾ ಸಂತೋಷ ಆಯಿತು. ಕೊಟ್ಟ ಉತ್ತರ ಇದು.

ಅಮ್ಮಾ, ಹಾಲು ರಕ್ತದಿಂದಲೇ ಆಗುವುದು. ರಕ್ತದಲ್ಲಿದ್ದದ್ದು ಹೆಚ್ಚೋ ಕಡಿಮೆಯೋ ಹಾಲಿಗೂ ಬರುತ್ತದೆ. ಒಂದೊಂದು ಔಷಧಿಗೂ ಅವಧಿ ಬೇರೆ. ಮೆಲಾಕ್ಸಿಕ್ಯಾಮನ್ನೇ ತೆಗೆದುಕೊಳ್ಳಿ, ಯುರೋಪಿನಲ್ಲಿ ಅದಕ್ಕೆ ಹಾಲಿಗೆ ಐದು ದಿನ, ಮಾಂಸಕ್ಕೆ ಹದಿನೈದು ದಿನ ಅಂತ ಇಟ್ಟಿದ್ದಾರೆ. ಆ ದಿನಗಳನ್ನು ಯಾರೂ ಅಂದಾಜಿನ ಮೇಲೆ ಬರೆದಿಲ್ಲ, ಹೀಗೇ ಅಳೆದು ಬರೆದದ್ದು. ನಮ್ಮಲ್ಲೂ 2012ರಿಂದ ನಿಯಮ ಇದೆ. ಬಾಟಲಿ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರಬೇಕು. ಅಳೆದು ಗೊತ್ತುಮಾಡಿಲ್ಲ ಅಂದರೆ ಹಾಲಿಗೆ ಕಡಿಮೆ ಅಂದರೂ ಏಳು ದಿನ, ಮಾಂಸಕ್ಕೆ 28 ದಿನ. ಡಾಕ್ಟ್ರು ಹೋಗುವ ಮೊದಲು ಖಾಲಿ ಬಾಟಲಿ ಕೇಳಿ ಇಟ್ಟುಕೊಳ್ಳಿ. ಯಾವ ಔಷಧಿ, ಎಷ್ಟು ಗಂಟೆಗೆ ಕೊಟ್ಟರು ಅಂತ ಮಕ್ಕಳ ಕೈಲಿ ಕ್ಯಾಲೆಂಡರಿನಲ್ಲಿ ಬರೆಸಿ. ಆ ಹಸು ಅಕಸ್ಮಾತ್ ಉಳಿಯದಿದ್ದರೆ ಬಯಲಿಗೆ ಹಾಕಬೇಡಿ, ಆಳವಾಗಿ ಹೂಳಿಸಿ.

ಒಬ್ಬ ಹುಡುಗ ನಮ್ಮೂರಿನಿಂದಲೇ ರಕ್ತ ಕಳಿಸಬಹುದಾ ಸಾರ್ ಅಂತ ಕೇಳಿದ. ಕಳಿಸಬಹುದು. ನಿನ್ನೂರಿನ ಪಶುವೈದ್ಯರ ಕೈಯಲ್ಲೇ ತೆಗೆಸು. ಹಸಿರು ಮುಚ್ಚಳದ ಟ್ಯೂಬು, ಐದು ಮಿ.ಲೀ., ಕುಲುಕಬೇಡ. ಟ್ಯೂಬಿನ ಮೇಲೆ ಹಸುವಿನ ಕಿವಿ ಓಲೆ ನಂಬರು, ಇಂಜೆಕ್ಷನ್ ಕೊಟ್ಟ ಹೊತ್ತು, ರಕ್ತ ತೆಗೆದ ಹೊತ್ತು, ಈ ಮೂರನ್ನೂ ಬರೆ. ಐಸ್ ಮೇಲೆ ನೇರ ಇಡಬೇಡ, ನಡುವೆ ಒಂದು ಬಟ್ಟೆ ಹಾಕು, ಇಲ್ಲದಿದ್ದರೆ ರಕ್ತ ಮಂಜುಗಡ್ಡೆಯಾಗಿ ಕಣ ಒಡೆಯುತ್ತದೆ. ಪೆಟ್ಟಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡ, ತೊಡೆ ಮೇಲೆ ಇಟ್ಟುಕೊಂಡು ಬಾ.